ಹುಲ್ಲುಕುತ್ರಿಯೊಳಗಿನ ತಂಬಿಗೆ

ಮೊನ್ನೆ ಹಬ್ಬಕ್ಕೆ ಹಿತ್ತಾಳೆ ಪಾತ್ರೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಕಂಠ ನಗ್ಗಿದ ಸಣ್ಣ ತಂಬಿಗೆಯೊಂದನ್ನು ಎತ್ತಿಕೊಂಡು ಮಗಳು ಕೇಳಿದಳು: “ಆಯಿ, ಕಾನೂನೇ ತಪ್ಪಾಗಿದ್ರೆ ಪಾಲಿಸ್ಬೇಕಾ?” ತಂಬಿಗೆಯ ಕಥೆ ಅವಳಿಗೆ ಗೊತ್ತು, ಅದಕ್ಕೇ ಕೇಳಿದ್ದು.

1932. ಉತ್ತರ ಕನ್ನಡದ ಸಿದ್ದಾಪುರ, ಅಂಕೋಲೆ ಕಡೆ ಕರನಿರಾಕರಣೆ. ಆಗ ನಮ್ಮದು ಮುಂಬಯಿ ಪ್ರಾಂತ. ತೀರ್ವೆ, ಅಂದರೆ ಭೂಕಂದಾಯ, ಕಟ್ಟೋದಿಲ್ಲ ಅಂದವರ ಗದ್ದೆ, ದನ, ಪಾತ್ರೆ ಎಲ್ಲ ಜಪ್ತಿ. ನಮ್ಮ ಮನೆಗೂ ಬಂದರು. ಮುತ್ತಜ್ಜ ಒಂದು ಸೌಟನ್ನೂ ಅಡಗಿಸಲು ಬಿಡಲಿಲ್ಲವಂತೆ. “ಕಟ್ಟೋದಿಲ್ಲ ಅಂತ ಎದುರಿಗೇ ಹೇಳಿದ್ದೇವೆ. ಈಗ ಮುಚ್ಚಿಟ್ಟರೆ ಕಳ್ಳರಾಗ್ತೇವೆ” ಅಂದನಂತೆ. ಅಜ್ಜಿಗೆ ಆಗ ಏಳು ವರ್ಷ. ಹಂಡೆ ಹೊತ್ತೊಯ್ದ ಮೇಲೆ ಬಚ್ಚಲೊಲೆಯ ಮೇಲೆ ದುಂಡಗೆ ಉಳಿದ ಮಸಿಯ ಗುರುತನ್ನು ಕೊನೆಯವರೆಗೂ ಹೇಳುತ್ತಿದ್ದಳು. ಎಮ್ಮೆಯನ್ನೂ ಹೊಡೆದುಕೊಂಡು ಹೋದರು. ಮುತ್ತಜ್ಜಿ ಮಾತ್ರ ಕೂಸಿನ ಹಾಲಿನ ತಂಬಿಗೆಯನ್ನು ಗಂಡನಿಗೂ ಹೇಳದೆ ಹುಲ್ಲುಕುತ್ರಿಗೆ, ಅಂದರೆ ಹುಲ್ಲಿನ ಬಣವೆಯೊಳಗೆ, ತುರುಕಿದ್ದಳು.

ಅನ್ಯಾಯದ ಕಾನೂನಿಗೆ ತಲೆಬಾಗಬೇಕಿಲ್ಲ ಎಂದೇ ನಾನು ನಂಬಿದವಳು. ಆದರೆ ಮುರಿಯುವುದು ಹಗಲಲ್ಲಿ, ಹೆಸರು ಹೇಳಿ ಆಗಬೇಕು. 1922ರಲ್ಲಿ ಅಹಮದಾಬಾದಿನ ಕೋರ್ಟಿನಲ್ಲಿ ಗಾಂಧೀಜಿ ತಪ್ಪೊಪ್ಪಿಕೊಂಡು, ಅತಿ ಹೆಚ್ಚಿನ ಶಿಕ್ಷೆಯನ್ನೇ ಕೊಡಿ ಎಂದರು. ಆರು ವರ್ಷ ಬಿತ್ತು. ಸಿದ್ದಾಪುರದ ಕಡೆಯ ಮಾವಿನಗುಂಡಿಯಲ್ಲಿ ಹೆಂಗಸರು ಜಪ್ತಿಯಾದ ಜಮೀನು ಕೊಂಡವನ ಮನೆಯೆದುರು ಉಪವಾಸ ಕೂತರು. ಕಲ್ಲೆಸೆಯಲಿಲ್ಲ. ಹಸಿವಿಗೆ ಒಡ್ಡಿದ್ದು ತಮ್ಮ ಹೊಟ್ಟೆಯನ್ನೇ.

ಆದರೂ ಮುತ್ತಜ್ಜಿ ಮಾಡಿದ್ದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಪಣ ತೊಟ್ಟವನು ಮುತ್ತಜ್ಜ, ಹಸಿದು ಅತ್ತದ್ದು ಆರು ತಿಂಗಳ ಕೂಸು. ಅದನ್ನು ಯಾರೂ ಕೇಳಿರಲಿಲ್ಲವಲ್ಲ! ತನ್ನ ಪಾಲಿನ ಶಿಕ್ಷೆಗೆ ಒಡ್ಡಿಕೊಳ್ಳುವುದು ಒಂದು, ಮನೆಯವರ ಪಾಲಿನದನ್ನೂ ತಾನೇ ಒಪ್ಪಿಕೊಂಡುಬಿಡುವುದು ಇನ್ನೊಂದು. ಮಗಳಿಗೆ ಇದನ್ನೇ ಹೇಳಿದೆ.

“ಹಾಗಾದ್ರೆ ಹೆದರಿ ತೀರ್ವೆ ಕಟ್ಟಿದವರು?” ಅಂದಳು.

ಕೆಳಗಿನ ಮನೆಯವರು ಕಟ್ಟಿದ್ದರು. ಊರಲ್ಲಿ ಕೆಲವರು ಅವರ ಹತ್ತಿರ ಮಾತು ಬಿಟ್ಟಿದ್ದರಂತೆ. ಅವರ ಎಮ್ಮೆ ಕೊಟ್ಟಿಗೆಯಲ್ಲೇ ಉಳಿದಿತ್ತು. ಕತ್ತಲಾದ ಮೇಲೆ ಆ ಮನೆಯಾಕೆ ಹಿತ್ತಿಲ ಬೇಲಿಯ ದಣಪೆಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಮುತ್ತಜ್ಜಿ ಕುತ್ರಿಯೊಳಗಿಂದ ತಂಬಿಗೆ ತೆಗೆದು ಒಯ್ದು, ಹಾಲು ಹಾಕಿಸಿಕೊಂಡು ಬರುತ್ತಿದ್ದಳು.