ನಿಂಗ್‌ಬೊ ಕಾರ್ಖಾನೆಯ ‘ಹ್ಞೂಂ’

ಜರ್ಮನ್ ಕಂಪನಿಯೊಂದರ ಬೆಂಗಳೂರು ಕಚೇರಿಯಲ್ಲಿ ನಾನು ಸಪ್ಲೈಯರ್ ಕ್ವಾಲಿಟಿ ಎಂಜಿನಿಯರ್. ಹೊರಗಿನ ಕಾರ್ಖಾನೆಗಳು ನಮಗೆ ಮಾಡಿಕೊಡುವ ಬಿಡಿಭಾಗಗಳು ಡ್ರಾಯಿಂಗ್‌ನಲ್ಲಿ ಇರುವಂತೆಯೇ ಬರುತ್ತಿವೆಯೇ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಹಲವು ವರ್ಷ ಪೀಣ್ಯದ ಶೆಡ್‌ಗಳಲ್ಲಿ ಓಡಾಡಿದ ಮೇಲೆ ಚೀನಾದ ಕೆಲವು ಕಾರ್ಖಾನೆಗಳ ಹೊಣೆಯೂ ನನಗೆ ಬಂತು. ಅವುಗಳಲ್ಲೊಂದು ಝೆಜಿಯಾಂಗ್ ಪ್ರಾಂತ್ಯದ ನಿಂಗ್‌ಬೊ ನಗರದಲ್ಲಿ, ಬಂದರಿಗೆ ಹೊಂದಿಕೊಂಡ ಬೇಲುನ್ ಪ್ರದೇಶದಲ್ಲಿತ್ತು. ಡೈ ಕಾಸ್ಟಿಂಗ್, ಅಂದರೆ ಕರಗಿದ ಲೋಹವನ್ನು ಒತ್ತಡದಿಂದ ತುಂಬಿ ಎರಕ ಹೊಯ್ಯುವ ಅಚ್ಚುಗಳಿಗೆ ಹೆಸರಾದ ಜಾಗ ಅದು. ಅಲ್ಲಿಂದ ನಮಗೆ ಅಲ್ಯೂಮಿನಿಯಂ ಪಂಪ್ ಹೌಸಿಂಗ್‌ಗಳು ಬರುತ್ತಿದ್ದವು.

ಒಂದು ಮಾರ್ಚ್ ತಿಂಗಳಲ್ಲಿ ಆ ಹೌಸಿಂಗ್‌ಗಳು ಲೀಕ್ ಟೆಸ್ಟ್‌ನಲ್ಲಿ ಸಾಲು ಸಾಲಾಗಿ ಬಿದ್ದವು. ಕೊಯ್ದು ನೋಡಿದರೆ ಒಳಗೆಲ್ಲ ಬ್ಲೋಹೋಲ್, ಲೋಹದೊಳಗೆ ಗಾಳಿ ಸಿಕ್ಕಿ ಆಗುವ ಗುಳ್ಳೆಗಳು. ನಾನು ಫೋಟೊಗಳ ಸಮೇತ ಉದ್ದನೆಯ ಇಮೇಲ್ ಬರೆದೆ. ಅವರ ಗುಣಮಟ್ಟ ವಿಭಾಗದ ಮುಖ್ಯಸ್ಥರ ಹೆಸರು ಹಿಡಿದು, ಯಾವ ಯಾವ ತಪಾಸಣೆ ತಪ್ಪಿದೆ ಎಂದು ಒಂದೊಂದಾಗಿ ಪಟ್ಟಿ ಮಾಡಿದೆ. ಪ್ರತಿಗಳು ಅವರ ಜನರಲ್ ಮ್ಯಾನೇಜರರಿಗೂ ಜರ್ಮನಿಯ ಖರೀದಿ ವಿಭಾಗಕ್ಕೂ ಹೋದವು. ಜರ್ಮನ್ ಸಹೋದ್ಯೋಗಿಗಳು ಅಚ್ಚುಕಟ್ಟಾದ ಪತ್ರ ಎಂದು ಮೆಚ್ಚಿದರು. ನನಗೂ ಹಾಗೆಯೇ ಅನಿಸಿತ್ತು.

ವಾರದೊಳಗೆ 8ಡಿ ವರದಿ, ಅಂದರೆ ದೋಷದ ಕಾರಣವನ್ನೂ ಪರಿಹಾರವನ್ನೂ ಎಂಟು ಹಂತಗಳಲ್ಲಿ ಬರೆಯುವ ವರದಿ, ಬಂತು. ಮೂಲ ಕಾರಣ: ಕಾರ್ಮಿಕರ ಅಜಾಗರೂಕತೆ. ಪರಿಹಾರ: ತರಬೇತಿ ನೀಡಲಾಗಿದೆ. ಈ ಎರಡು ಸಾಲು ಬರೆದ ವರದಿಯಲ್ಲಿ ಏನೂ ಇಲ್ಲವೆಂದು ನಮ್ಮ ಕಸುಬಿನ ಯಾರನ್ನು ಕೇಳಿದರೂ ಹೇಳುತ್ತಾರೆ. ವಿಡಿಯೊ ಸಭೆಯಲ್ಲಿ ಕೇಳಿದೆವು: ಪ್ರಕ್ರಿಯೆ ಮೊದಲಿನಂತೆಯೇ ಇದೆಯೇ? ‘ದುಯ್, ದುಯ್, ದುಯ್’, ಸರಿ, ಸರಿ, ಸರಿ. ಮುಂದಿನ ಲಾಟ್ ಸರಿಯಾಗಿ ಬರುತ್ತದೆಯೇ? ‘ಮೇ ವೆನ್‌ತಿ’, ಏನೂ ತೊಂದರೆಯಿಲ್ಲ. ಮುಂದಿನ ಲಾಟ್ ಕೂಡ ಹಾಗೆಯೇ ಬಿತ್ತು. ‘ಇವರು ಸುಳ್ಳು ಹೇಳುತ್ತಿದ್ದಾರೆ’ ಎಂದು ಜರ್ಮನ್ ಸಹೋದ್ಯೋಗಿ ಹೇಳಿದಾಗ ನಾನು ಎದುರಾಡಲಿಲ್ಲ. ಅಂದು ಎದುರಾಡಬೇಕಿತ್ತು. ಯಾಕೆಂದರೆ ಅಲ್ಲಿ ನಡೆದದ್ದೇನೆಂದು ತಿಳಿಯಬಹುದಾಗಿದ್ದವನು ಆ ಸಭೆಯಲ್ಲಿ ನಾನೊಬ್ಬನೇ.

ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟುತ್ತಿದ್ದೆವಲ್ಲ, ಆ ‘ಹ್ಞೂಂ’ ಕಥೆಗೆ ಕೊಟ್ಟ ಒಪ್ಪಿಗೆಯಲ್ಲ. ಕೇಳುತ್ತಿದ್ದೇನೆ, ಮುಂದುವರಿಸು ಎಂಬುದಷ್ಟೇ ಅದರ ಅರ್ಥ. ಆ ಸಭೆಯ ‘ದುಯ್, ದುಯ್’ ಬಹುಪಾಲು ಅಂಥದ್ದೇ. ಹಾಗೆಯೇ ‘ಯೆನ್‌ಜಿಯು ಯೆನ್‌ಜಿಯು’ ಎಂದರೆ ಅಕ್ಷರಶಃ ‘ಅಧ್ಯಯನ ಮಾಡೋಣ’. ನಮ್ಮಲ್ಲಿ ಸಾಲ ಕೇಳಲು ಬಂದವರಿಗೆ ‘ನೋಡೋಣ’ ಎನ್ನುತ್ತೇವಲ್ಲ, ಅಷ್ಟೇ ಸ್ಪಷ್ಟವಾದ ‘ಇಲ್ಲ’ ಅದು. ಚೀನೀಯರು ‘ಮಿಯೆನ್‌ತ್ಸ’ (ಮುಖ, ಅಂದರೆ ನಾಲ್ವರೆದುರಿನ ಮರ್ಯಾದೆ) ಎನ್ನುವುದನ್ನು ಜರ್ಮನರಿಗೆ ವಿವರಿಸಲು ಪುಟಗಟ್ಟಲೆ ಬೇಕಾಗುತ್ತದೆ. ಕನ್ನಡಿಗರಿಗೆ ‘ಮುಖಭಂಗ’ ಎಂಬ ಒಂದೇ ಪದ ಸಾಕು. ಆ ಪದವನ್ನು ಬಲ್ಲ ನಾನೇ ಒಬ್ಬ ಹಿರಿಯ ಎಂಜಿನಿಯರರಿಗೆ ಅವರ ಯಜಮಾನರ ಕಣ್ಣೆದುರು ಮುಖಭಂಗ ಮಾಡಿದ್ದೆ.

ಮೇ ತಿಂಗಳಲ್ಲಿ ನಾನೇ ನಿಂಗ್‌ಬೊಗೆ ಹೋದೆ. ಮೊದಲ ದಿನ ಅಚ್ಚಿನ ಮಾತೇ ಬರಲಿಲ್ಲ. ರಾತ್ರಿಯ ಊಟಕ್ಕೆ ದುಂಡು ಮೇಜಿನಲ್ಲಿ ಬಾಗಿಲಿಗೆ ಎದುರಾದ ಜಾಗದಲ್ಲಿ ನನ್ನನ್ನು ಕೂರಿಸಿದರು. ಅದು ಗೌರವದ ಜಾಗ. ನಾವು ಅತಿಥಿಗೆ ಹಾಕುವ ಮಣೆಯನ್ನು ಅಲ್ಲಿ ಇಷ್ಟು ಲೆಕ್ಕವಿಟ್ಟು ಹಾಕುತ್ತಾರೆ. ಲೋಟ ತಾಗಿಸುವಾಗ ನನ್ನ ಲೋಟದ ಅಂಚನ್ನು ಆ ಮುಖ್ಯಸ್ಥರ ಲೋಟಕ್ಕಿಂತ ಕೆಳಗಿಟ್ಟೆ. ಕಿರಿಯರು ಹಿರಿಯರಿಗೆ ತೋರುವ ಮರ್ಯಾದೆ ಅದು ಎಂದು ತಿಳಿದುಕೊಂಡೇ ಹೋಗಿದ್ದೆ. ಅವರು ತಮ್ಮದನ್ನು ಇನ್ನೂ ಕೆಳಗಿಳಿಸಿದರು. ಇಬ್ಬರ ಕೈಯೂ ಮೇಜನ್ನು ಮುಟ್ಟುವವರೆಗೆ ಹೋಯಿತು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಕಚೇರಿಯ ದೀಪಗಳು ಆರಿದವು. ಅಲ್ಲಿ ಅದು ಎಲ್ಲರೂ ಮೇಜಿಗೆ ತಲೆಯೊರಗಿಸಿ ನಿದ್ದೆ ಮಾಡುವ ಹೊತ್ತು. ಮುಖ್ಯಸ್ಥರು ನನ್ನನ್ನು ಒಬ್ಬನೇ ಯಂತ್ರದ ಬಳಿಗೆ ಕರೆದೊಯ್ದರು. ಅಲ್ಲಿ ನಾನು ಇಮೇಲ್‌ಗಾಗಿ ಕ್ಷಮೆ ಕೇಳಿದೆ. ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಅಚ್ಚಿನ ಕಡೆಗೆ ಕೈ ತೋರಿಸಿ, ಮುರುಕು ಇಂಗ್ಲಿಷಿನಲ್ಲೂ ಮೊಬೈಲಿನ ಅನುವಾದದಲ್ಲೂ ಎಲ್ಲವನ್ನೂ ಹೇಳಿದರು.

ಎಂಟು ವರ್ಷ ಆ ಯಂತ್ರದ ಮುಂದೆ ನಿಂತಿದ್ದ ಆಪರೇಟರ್ ಚೀನೀ ಹೊಸವರ್ಷದ ವಸಂತ ಹಬ್ಬಕ್ಕೆಂದು ಗುಯಿಝೌ ಪ್ರಾಂತ್ಯದ ತನ್ನ ಊರಿಗೆ ಹೋದವರು ಮರಳಿರಲಿಲ್ಲ. ಹೊಸ ಹುಡುಗ ಎರಕ ಅಂಟದಿರಲೆಂದು ಅಚ್ಚಿನ ಮೇಲೆ ಹಾಕುವ ದ್ರಾವಣವನ್ನು ಹೆಚ್ಚು ಸಿಂಪಡಿಸುತ್ತಿದ್ದ, ಗಾಳಿ ಊದಿ ಒಣಗಿಸುವುದನ್ನು ಅವಸರದಲ್ಲಿ ಮುಗಿಸುತ್ತಿದ್ದ. ಉಳಿದ ತೇವ ಆವಿಯಾಗಿ ಕರಗಿದ ಲೋಹದೊಳಗೆ ಸಿಕ್ಕಿಬೀಳುತ್ತಿತ್ತು. ಬ್ಲೋಹೋಲ್‌ಗೆ ಕಾರಣ ಅಷ್ಟೇ. ಆದರೆ ತಂಡವೇನೂ ಬದಲಾಗಿಲ್ಲ ಎಂದು ಅವರ ಜನರಲ್ ಮ್ಯಾನೇಜರ್ ಫೆಬ್ರವರಿಯಲ್ಲೇ ಜರ್ಮನಿಗೆ ಹೇಳಿಬಿಟ್ಟಿದ್ದರು. ಸಭೆಯಲ್ಲಿ ನಿಜ ನುಡಿದರೆ ಯಜಮಾನರ ಮಾತು ಸುಳ್ಳಾಗುತ್ತಿತ್ತು.

ಆ ಆಪರೇಟರ್ ಯಾಕೆ ಬರಲಿಲ್ಲ ಎಂದು ಕೇಳಿದೆ. ಅವರ ಮಗಳು ಪ್ರೌಢಶಾಲೆ ಸೇರುವ ವಯಸ್ಸಿನವಳಂತೆ. ಚೀನಾದಲ್ಲಿ ಪ್ರತಿ ಕುಟುಂಬಕ್ಕೂ ‘ಹುಕೌ’ ಎಂಬ ವಾಸಸ್ಥಳದ ನೋಂದಣಿ ಇರುತ್ತದೆ. 1958ರ ಕಾನೂನು ಅದನ್ನು ಬಿಗಿಗೊಳಿಸಿತು. ನಂತರ ಎಷ್ಟೋ ಸಡಿಲವಾಗಿದ್ದರೂ, ದುಡಿಯಲು ನಗರಕ್ಕೆ ಬಂದವರ ಮಕ್ಕಳು ಕಾಲೇಜು ಪ್ರವೇಶದ ‘ಗಾವ್‌ಕಾವ್’ ಪರೀಕ್ಷೆಯನ್ನು ಸಾಮಾನ್ಯವಾಗಿ ನೋಂದಣಿಯಿರುವ ಪ್ರಾಂತ್ಯದಲ್ಲೇ ಬರೆಯಬೇಕಾಗುತ್ತದೆ. ಊರು ಬಿಟ್ಟು ಬಂದ ಇಂಥ ಕಾರ್ಮಿಕರ ಸಂಖ್ಯೆ 17 ಕೋಟಿಗೂ ಹೆಚ್ಚು. ಹಬ್ಬದ ನಂತರ ಯಾರು ಮರಳುತ್ತಾರೆ, ಯಾರು ಇಲ್ಲ ಎಂಬುದು ಪ್ರತಿ ಕಾರ್ಖಾನೆಯ ಆತಂಕ. ಒಬ್ಬ ಹುಡುಗಿಯ ಪರೀಕ್ಷೆಗೂ ನಮ್ಮ ಲೀಕ್ ಟೆಸ್ಟ್‌ಗೂ ನಡುವೆ ಅಷ್ಟೇ ದೂರವಿತ್ತು. ನನ್ನ ಇಮೇಲ್‌ನ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಸಮಾಜಶಾಸ್ತ್ರಜ್ಞ ಫೆಯ್ ಶಿಯಾವ್‌ತುಂಗ್ 1940ರ ದಶಕದಲ್ಲಿ ಕೊಟ್ಟ ಹೋಲಿಕೆಯೊಂದನ್ನು ನಾನು ಆಮೇಲೆ ಓದಿದೆ. ಪಶ್ಚಿಮದ ಸಮಾಜ ಹುಲ್ಲಿನ ಕಟ್ಟುಗಳ ಹಾಗೆ: ಯಾವ ಕಡ್ಡಿ ಯಾವ ಸಿವುಡಿನದು ಎಂಬುದು ಖಚಿತ, ಒಂದೇ ಸಿವುಡಿನ ಕಡ್ಡಿಗಳೆಲ್ಲ ಸಮಾನ, ಸಿವುಡುಗಳು ಸೇರಿದರೆ ಬಣವೆ. ಚೀನಾದ ಸಮಾಜ ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳ ಹಾಗೆ: ಪ್ರತಿಯೊಬ್ಬನೂ ತನ್ನ ಅಲೆಗಳ ನಡುಬಿಂದು, ದೂರ ಹೋದಷ್ಟೂ ಅಲೆ ತೆಳು. ಕನ್‌ಫ್ಯೂಷಿಯನ್ ಪರಂಪರೆ ಎಣಿಸುವ ಐದು ಸಂಬಂಧಗಳನ್ನು ನೋಡಿ: ಅರಸ ಮತ್ತು ಮಂತ್ರಿ, ತಂದೆ ಮತ್ತು ಮಗ, ಗಂಡ ಮತ್ತು ಹೆಂಡತಿ, ಅಣ್ಣ ಮತ್ತು ತಮ್ಮ, ಗೆಳೆಯ ಮತ್ತು ಗೆಳೆಯ. ಅಪರಿಚಿತನಿಗೆ ಅಲ್ಲಿ ಸ್ಥಾನವೇ ಇಲ್ಲ. ಇಮೇಲ್ ಬರೆಯುವಾಗ ನಾನು ಅಪರಿಚಿತನಾಗಿದ್ದೆ. ಅಪರಿಚಿತರ ನಡುವೆಯೂ ಕೆಲಸ ಕೆಡದಿರಲಿ ಎಂದೇ ಪಶ್ಚಿಮದವರು ಒಪ್ಪಂದ, ನಿಯಮ, ಲಿಖಿತ ದಾಖಲೆಗಳಿಗೆ ಅಷ್ಟು ತೂಕ ಕೊಡುತ್ತಾರೆ ಎಂಬುದು ನನ್ನ ತಿಳಿವಳಿಕೆ.

ಜರ್ಮನರನ್ನು ಒರಟರೆಂದು ತಿಳಿಯುವುದೂ ತಪ್ಪು. ನನ್ನ ಜರ್ಮನ್ ಮೇಲಧಿಕಾರಿ ನನ್ನ ವರದಿಯನ್ನು ಎಲ್ಲರೆದುರು ಹರಿದು ಹಂಚಿ, ಐದು ನಿಮಿಷದ ನಂತರ ಪ್ರೀತಿಯಿಂದ ಕಾಫಿಗೆ ಕರೆಯುತ್ತಾರೆ. ಅವರ ಮಟ್ಟಿಗೆ ಬೈಸಿಕೊಂಡದ್ದು ವರದಿ, ನಾನಲ್ಲ. ತಪ್ಪನ್ನು ಮುಚ್ಚಿಡದಿರುವುದೇ ಅವರು ಕೊಡುವ ಗೌರವ. ಇನ್ನು ಚೀನೀಯರು ಯಾವಾಗಲೂ ಸುತ್ತು ಬಳಸಿಯೇ ಮಾತನಾಡುತ್ತಾರೆ ಎಂಬುದೂ ನಿಜವಲ್ಲ. ಅದೇ ಕಾರ್ಖಾನೆಯಲ್ಲಿ ಮೇಲಿನವರು ಕೆಳಗಿನವರನ್ನು ಗದರುವುದನ್ನು ಕೇಳಿದ್ದೇನೆ. ಶೆನ್‌ಝೆನ್‌ನ ಯುವ ಎಂಜಿನಿಯರ್‌ಗಳು ನನ್ನ ಡ್ರಾಯಿಂಗ್ ತಪ್ಪೆಂದು ಮುಖಕ್ಕೇ ಹೇಳಿದ್ದಾರೆ.

ಈಗ ನಾನು ‘ಆಗುತ್ತದೆಯೇ’ ಎಂದು ಕೇಳುವುದಿಲ್ಲ. ‘ಹೇಗೆ ಮಾಡುತ್ತೀರಿ, ಯಾವ ಯಂತ್ರದಲ್ಲಿ, ಯಾರು ನಿಲ್ಲುತ್ತಾರೆ’ ಎಂದು ಕೇಳುತ್ತೇನೆ. ದೋಷವನ್ನು ಮೊದಲು ಚೀನೀಯರ ಮೆಸೇಜಿಂಗ್ ಆ್ಯಪ್ ವೀಚಾಟ್‌ನಲ್ಲಿ, ಆ ಒಬ್ಬರಿಗೇ ತಿಳಿಸುತ್ತೇನೆ. ಅವರು ನೋಡಿಕೊಂಡ ಮೇಲೆ ಇಬ್ಬರೂ ಸೇರಿ ಬರೆದ ವರದಿ ಜರ್ಮನಿಗೆ ಹೋಗುತ್ತದೆ. ಇದರಿಂದ ಒಂದೆರಡು ದಿನ ತಡವಾಗುತ್ತದೆ ಎಂದು ಜರ್ಮನ್ ಸಹೋದ್ಯೋಗಿಗಳು ಮೊದಮೊದಲು ಗೊಣಗಿದರು. ವರದಿಯಲ್ಲಿ ನಿಜವಾದ ಕಾರಣಗಳು ಕಾಣಿಸತೊಡಗಿದ ಮೇಲೆ ಸುಮ್ಮನಾದರು.

ಮರುವರ್ಷ, ಹಬ್ಬಕ್ಕೆ ಮೂರು ವಾರ ಮುಂಚೆ, ಆ ಮುಖ್ಯಸ್ಥರಿಂದ ವೀಚಾಟ್ ಸಂದೇಶ ಬಂತು. ಮೊದಲ ಸಾಲು ‘ಊಟವಾಯಿತೇ?’ ಅವರಲ್ಲೂ ಕುಶಲ ಕೇಳುವುದು ಹೀಗೆಯೇ. ಎರಡನೆಯದು: ಈ ಬಾರಿ ಇಬ್ಬರು ಆಪರೇಟರ್‌ಗಳು ಮರಳುವುದಿಲ್ಲ, ಈಗಲೇ ಹೆಚ್ಚುವರಿ ಹೌಸಿಂಗ್‌ಗಳನ್ನು ಎರಕ ಹೊಯ್ದು ಇಟ್ಟುಕೊಳ್ಳಲೇ? ನಾನು ಜರ್ಮನಿಯಿಂದ ಒಪ್ಪಿಗೆ ತರಿಸಿದೆ. ಅಪಾಯವನ್ನು ಮುಂಚಿತವಾಗಿ ಗುರುತಿಸಿ ತಿಳಿಸಿದವರು ಇವರು ಎಂದು ಅವರ ಹೆಸರು ಹಿಡಿದು ಒಂದು ಇಮೇಲ್ ಬರೆದೆ. ಅದರ ಪ್ರತಿಯನ್ನು ಅವರ ಜನರಲ್ ಮ್ಯಾನೇಜರರಿಗೂ ಹಾಕಿದೆ.