ಏಳನೇ ನಂಬರಿನ ಸೈಕಲ್ಲು

ಸದ್ದು ನನಗೆ ಮೊದಲನೇ ತಿರುವಿನಲ್ಲೇ ಕೇಳಿಸಿತ್ತು. ಇದನ್ನು ಮೊದಲು ಹೇಳಿಬಿಡಬೇಕು. ಉಳಿದದ್ದೆಲ್ಲ ಹೇಳಿ ಇದೊಂದನ್ನು ಬಿಟ್ಟರೆ ಸುಳ್ಳು ಹೇಳಿದ ಹಾಗೆ.

ಮಡಿಕೇರಿ ಹತ್ತಿರದ ಒಂದು ಎಸ್ಟೇಟ್ ರೆಸಾರ್ಟಿನಲ್ಲಿ ಸೈಕಲ್ ನೋಡಿಕೊಳ್ಳುವ ಕೆಲಸ ನನ್ನದು. ಎಂಟು ಎಂಟಿಬಿ, ಅಂದರೆ ಬೆಟ್ಟದ ದಾರಿಯ ಮೌಂಟನ್ ಬೈಕು, ಒಂದು ಶೆಡ್, ಕೈಯಾಳಾಗಿ ಒಬ್ಬ ಹುಡುಗ. ರಿಪೇರಿಯೂ ನಾನೇ, ಗೆಸ್ಟ್‌ಗಳನ್ನು ರೈಡಿಗೆ ಕರೆದುಕೊಂಡು ಹೋಗುವುದೂ ನಾನೇ. ಮಳೆಗಾಲದಲ್ಲಿ ಸೈಕಲ್ಲುಗಳು ಹೆಚ್ಚಾಗಿ ಗೋಡೆಯ ಮೇಲೇ ಇರುತ್ತವೆ. ದಸರಾ ರಜೆ ಬಂತೆಂದರೆ ಉಸಿರಾಡಲು ಬಿಡುವಿಲ್ಲ.

ಜನರಿಗೆ ತುಂಬ ಇಷ್ಟವಾಗುವುದು ತಲಕಾವೇರಿ ಡೌನ್. ಸೈಕಲ್ಲುಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಬೆಳಿಗ್ಗೆ ಮೇಲೆ ಹೋಗುವುದು, ಕುಂಡಿಕೆಯ ಹತ್ತಿರ ಕೈಮುಗಿಯುವುದು, ಅಲ್ಲಿಂದ ಭಾಗಮಂಡಲಕ್ಕೆ ಎಂಟು ಕಿಲೋಮೀಟರ್ ಇಳಿಯುವುದು. ತ್ರಿವೇಣಿ ಸಂಗಮದ ಹತ್ತಿರ ಟೀ ಕುಡಿದು ನಾಪೋಕ್ಲು ಕಡೆಗೆ ತೋಟದ ದಾರಿ ಹಿಡಿಯುವುದು. ತಲಕಾವೇರಿ 1,276 ಮೀಟರ್ ಎತ್ತರದಲ್ಲಿದೆ. ಇಳಿಜಾರಿನಲ್ಲಿ ಪೆಡಲ್ ತುಳಿಯುವ ಕೆಲಸ ಹೆಚ್ಚೇನೂ ಇಲ್ಲ, ಎಲ್ಲ ಕೆಲಸವೂ ಬ್ರೇಕಿನದ್ದೇ. ಈ ಮಾತನ್ನು ಬ್ರೀಫಿಂಗ್‌ನಲ್ಲಿ ಪ್ರತಿಸಲ ಹೇಳುತ್ತೇನೆ.

ಆವತ್ತು ತುಲಾ ಸಂಕ್ರಮಣ ಕಳೆದು ಹತ್ತು ದಿನವಾಗಿತ್ತು. ಮೈಸೂರಿನಿಂದ ಬಂದಿದ್ದ ಒಂದು ಗುಂಪು, ಏಳು ಜನ. ಅವರಲ್ಲಿ ಒಬ್ಬರು ತಂದೆ ಮತ್ತು ಅವರ ಹದಿನಾಲ್ಕು ವರ್ಷದ ಮಗಳು. ಅವಳ ಎತ್ತರಕ್ಕೆ ಹೊಂದುವ ಸಣ್ಣ ಫ್ರೇಮ್ ಇದ್ದದ್ದು ಏಳನೇ ನಂಬರಿನ ಸೈಕಲ್ಲಿಗೆ ಮಾತ್ರ.

ಹಿಂದಿನ ಸಂಜೆ ಏಳು ಗಂಟೆಗೆ ಕರೆಂಟಿರಲಿಲ್ಲ. ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಒಂದೊಂದೇ ಸೈಕಲ್ ನೋಡುತ್ತಾ ಬಂದೆ. ಗಾಳಿ, ಚೈನು, ಗೇರಿನ ಹ್ಯಾಂಗರ್, ಬ್ರೇಕು. ಏಳನೆಯದರ ಮುಂದಿನ ಬ್ರೇಕ್ ಹಿಡಿ ಹ್ಯಾಂಡಲ್ ತನಕ ಬರುತ್ತಿತ್ತು. ಎಲ್ಲ ಸೈಕಲ್ಲೂ ಕೇಬಲ್ ಡಿಸ್ಕ್ ಬ್ರೇಕಿನವು: ಚಕ್ರದ ಜೊತೆ ತಿರುಗುವ ರೋಟರ್ ಎಂಬ ಉಕ್ಕಿನ ತಟ್ಟೆಯನ್ನು ಎರಡು ಪ್ಯಾಡ್ ಎರಡು ಬದಿಯಿಂದ ಒತ್ತಿ ನಿಲ್ಲಿಸುತ್ತವೆ. ಪ್ಯಾಡ್ ಸವೆದಂತೆ ಹಿಡಿ ಸಡಿಲವಾಗುವುದು ದಿನದ ಪಾಡು. ಹಿಡಿಯ ಹತ್ತಿರ ಕೇಬಲ್ ಬಿಗಿಮಾಡುವ ತಿರುಪನ್ನು, ಅಂದರೆ ಬ್ಯಾರಲ್ ಅನ್ನು, ಮೂರು ಸುತ್ತು ಬಿಚ್ಚಿದೆ, ಕೇಬಲ್ ಬಿಗಿಯಾಯಿತು. ಹಿಡಿ ಹಿಡಿದು ನೋಡಿದೆ, ಗಟ್ಟಿ. ಸೈಕಲ್ ಮುಂದಕ್ಕೆ ದಬ್ಬಿ ಬ್ರೇಕ್ ಹಾಕಿದೆ, ಹಿಂದಿನ ಚಕ್ರ ಮೇಲೆದ್ದಿತು. ಪ್ಯಾಡನ್ನೂ ನೋಡಿದೆ, ಆದರೆ ಹೊರಗಿನ ಕಡೆಯಿಂದ ಮಾತ್ರ. ಟಾರ್ಚಿನ ಬೆಳಕಿನಲ್ಲಿ ಹೊರಗಿನ ಪ್ಯಾಡಿನಲ್ಲಿ ಇನ್ನೂ ಒಂದೂವರೆ ಮಿಲಿಮೀಟರ್‌ನಷ್ಟು ಕಂಡಿತು. ಚೀಟಿಯಲ್ಲಿ ಏಳರ ಮುಂದೆ ಟಿಕ್ ಹಾಕಿದೆ.

ಆ ಟಿಕ್ಕಿನಲ್ಲಿ ಎರಡು ತಪ್ಪುಗಳಿದ್ದವು.

ಪ್ಯಾಡುಗಳನ್ನು ಹಿಡಿದಿರುವ ಭಾಗಕ್ಕೆ ಕ್ಯಾಲಿಪರ್ ಎನ್ನುತ್ತಾರೆ. ಈ ಜಾತಿಯ ಕ್ಯಾಲಿಪರಿನಲ್ಲಿ ಹೊರಗಿನ ಪ್ಯಾಡ್ ಒಂದೇ ಚಲಿಸುವುದು. ಅದು ರೋಟರನ್ನು ಒಳಕ್ಕೆ ಬಗ್ಗಿಸಿ, ಸ್ಪೋಕ್ ಕಡೆ ನಿಂತಲ್ಲೇ ಇರುವ ಒಳಗಿನ ಪ್ಯಾಡಿಗೆ ಒತ್ತುತ್ತದೆ. ಒಳಗಿನದ್ದನ್ನು ಆಗಾಗ ಅಲೆನ್ ಕೀ ಹಾಕಿ ನಾವೇ ರೋಟರ್ ಹತ್ತಿರ ತರಬೇಕು. ನಿರ್ಲಕ್ಷಿಸಿದರೆ ಎರಡೂ ಸಮನಾಗಿ ಸವೆಯುವುದಿಲ್ಲ. ಏಳನೆಯದರಲ್ಲಿ ಒಳಗಿನದ್ದು ಮುಗಿಯುತ್ತಾ ಬಂದಿತ್ತು. ಅದನ್ನು ನೋಡಬೇಕಾದರೆ ನೆಲಕ್ಕೆ ಕೂತು ಸ್ಪೋಕ್‌ಗಳ ಸಂದಿಯಿಂದ ಟಾರ್ಚ್ ಬಿಡಬೇಕು. ನಾನು ಕೂರಲಿಲ್ಲ.

ಎರಡನೆಯದು ಬ್ಯಾರಲ್. ಪ್ಯಾಡ್ ಸವೆದು ಆದ ಸಡಿಲವನ್ನು ಕೇಬಲ್ ಎಳೆದು ಸರಿಮಾಡಿದರೆ ಕೇಬಲ್ ಎಳೆಯುವ ಕ್ಯಾಲಿಪರಿನ ತೋಳು ಮೊದಲೇ ಅರ್ಧ ತಿರುಗಿ ನಿಂತಿರುತ್ತದೆ. ಬ್ರೇಕ್ ಹಿಡಿದಾಗ ತಿರುಗಲು ಅದಕ್ಕೆ ಉಳಿಯುವುದು ಅರ್ಧ ದಾರಿ ಮಾತ್ರ. ಇನ್ನಷ್ಟು ಸವೆದರೆ ತೋಳು ಹೋಗಿ ಕ್ಯಾಲಿಪರ್ ಮೈಗೇ ತಾಗಿ ನಿಲ್ಲುತ್ತದೆ. ಆಮೇಲೆ ಎಷ್ಟು ಜೋರಾಗಿ ಹಿಡಿದರೂ ಪ್ಯಾಡ್ ಮುಂದೆ ಹೋಗುವುದಿಲ್ಲ. ಹಿಡಿ ಮಾತ್ರ ಕಲ್ಲಿನ ಹಾಗೆ ಗಟ್ಟಿ. ಇದೆಲ್ಲ ನನಗೆ ಗೊತ್ತಿರಲಿಲ್ಲವೆಂದಲ್ಲ. ಹುಡುಗನಿಗೆ ನಾನೇ ಹೇಳಿಕೊಟ್ಟಿದ್ದೆ: ತೋಳು ಪೂರ್ತಿ ಹಿಂದಕ್ಕೆ ನಿಂತಿರಬೇಕು, ಮೊದಲು ಪ್ಯಾಡನ್ನು ಹತ್ತಿರ ತಾ, ಕೇಬಲನ್ನು ಕೊನೆಗೆ ಮುಟ್ಟು. ಎಂಟು ಸೈಕಲ್, ಕತ್ತಲೆ, ಬೆಳಿಗ್ಗೆ ಐದೂವರೆಗೆ ಲೋಡಿಂಗ್. ಕೈಗೆ ಸುಲಭವಾದ ದಾರಿ ಹಿಡಿದುಬಿಟ್ಟೆ.

ಬೆಳಿಗ್ಗೆ ಮಳೆ ಇರಲಿಲ್ಲ, ಆದರೆ ರಾತ್ರಿಯಿಡೀ ಸುರಿದಿತ್ತು. ರಸ್ತೆಯ ಮೇಲೆ ಬರೆಯಿಂದ, ಅಂದರೆ ರಸ್ತೆ ಬದಿಯ ಮಣ್ಣಿನ ಕಡಿದಾದ ದಿಬ್ಬದಿಂದ, ಹರಿದು ಬಂದ ಕೆಂಪು ಮಣ್ಣು, ಮರಳು. ಕೊಡಗಿನ ಈ ಮಣ್ಣುನೀರು ನಮ್ಮ ಮೆದು ರೆಸಿನ್ (ರಾಳದ) ಪ್ಯಾಡಿಗೆ ಉಪ್ಪುಕಾಗದ ಇದ್ದ ಹಾಗೆ. ಒಣ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬರುವ ಪ್ಯಾಡ್ ಇಂಥ ಒಂದು ಇಳಿಜಾರಿನಲ್ಲಿ ಮುಗಿದು ಹೋಗಬಹುದು.

ಹುಡುಗ ಎಲ್ಲರಿಗಿಂತ ಮುಂದೆ, ಲೀಡ್; ನಾನು ಕೊನೆಯಲ್ಲಿ, ಸ್ವೀಪ್. ನನ್ನ ಮುಂದೆ ಆ ಹುಡುಗಿ, ಅವಳ ಮುಂದೆ ಅಪ್ಪ. ಮೊದಲನೇ ತಿರುವಿನಲ್ಲಿ ಏಳನೆಯದರ ಮುಂದಿನ ಚಕ್ರದಿಂದ ಸದ್ದು ಬಂತು. ಒದ್ದೆ ರೋಟರ್ ಕೂಗುತ್ತದೆ, ಅದು ಎಲ್ಲರಿಗೂ ಗೊತ್ತು. ಆ ಕೂಗು ಉದ್ದ, ತೆಳು, ನಾಲ್ಕು ಸಲ ಬ್ರೇಕ್ ಹಿಡಿದರೆ ನಿಲ್ಲುತ್ತದೆ. ಇದು ಹಾಗಿರಲಿಲ್ಲ. ಬಾಣಲೆಯನ್ನು ಸಟ್ಟುಗದಿಂದ ಕೆರೆದ ಹಾಗೆ, ಒಣ ಸದ್ದು. ಕಬ್ಬಿಣಕ್ಕೆ ಕಬ್ಬಿಣ. ಕಿವಿಗೆ ಬಿತ್ತು, ಮನಸ್ಸಿಗೂ ಬಂತು. ಮಣ್ಣು ಸಿಕ್ಕಿಕೊಂಡಿರಬೇಕು, ಮುಂದಿನ ಸ್ಟಾಪಿನಲ್ಲಿ ನೋಡೋಣ ಎಂದುಕೊಂಡೆ. ಸ್ಟಾಪ್ ಇದ್ದದ್ದು ಮೂರು ಕಿಲೋಮೀಟರ್ ಕೆಳಗೆ. ಒಂದು ಸೀಟಿ ಊದಿದ್ದರೆ ಎಲ್ಲರೂ ನಿಲ್ಲುತ್ತಿದ್ದರು. ಸೀಟಿ ಕೊರಳಲ್ಲೇ ಇತ್ತು.

ಎರಡು ಕಿಲೋಮೀಟರ್ ಕಳೆದಿರಬೇಕು. ಅವಳ ಸೈಕಲ್ಲಿನ ವೇಗ ತಿರುವಿಗೆ ಮುಂಚೆ ಇಳಿಯಬೇಕಾದಷ್ಟು ಇಳಿಯುತ್ತಿಲ್ಲ ಅನ್ನಿಸಿತು. ಅಷ್ಟರಲ್ಲೇ ಅವಳು ಕೂಗಿದಳು.

“ಅಂಕಲ್, ನಿಲ್ತಾ ಇಲ್ಲ!”

“ಎರಡೂ ಹಿಡಿಯಮ್ಮ, ಎರಡೂ ಹಿಡಿ!”

“ಹಿಡ್ದಿದೀನಿ! ಗಟ್ಟಿಯಾಗೇ ಇದೆ, ನಿಲ್ತಾ ಇಲ್ಲ!”

ಆ ‘ಗಟ್ಟಿಯಾಗೇ ಇದೆ’ ಕೇಳಿದಾಗ ನನ್ನ ಹೊಟ್ಟೆಯಲ್ಲಿ ಏನೋ ಕಳಚಿ ಬಿದ್ದಂತಾಯಿತು. ಸಂಜೆಯ ಮೂರು ಸುತ್ತು ಬ್ಯಾರಲ್ ಕಣ್ಣ ಮುಂದೆ ಬಂತು. ಮುಂದಿನ ಬ್ರೇಕ್ ಇಲ್ಲ. ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬಂದಿರುವಾಗ ಹಿಂದಿನ ಚಕ್ರಕ್ಕೆ ನೆಲದ ಮೇಲೆ ಹಿಡಿತವೇ ಕಡಿಮೆ. ಗಟ್ಟಿಯಾಗಿ ಹಿಡಿದರೆ ಜಾರುತ್ತದೆ, ಮೆಲ್ಲಗೆ ಹಿಡಿದರೆ ನಿಲ್ಲುವುದಿಲ್ಲ. ಕೆಳಗೆ ಹೇರ್‌ಪಿನ್. ಅದರಾಚೆಯಿಂದ ಬಸ್ಸಿನ ಹಾರನ್.

ಎಡಕ್ಕೆ ಬರೆ, ಅದರ ಬುಡದಲ್ಲಿ ಅರ್ಧ ಮಣ್ಣು ತುಂಬಿದ ಚರಂಡಿ, ಜರೀಗಿಡ. ಬಲಕ್ಕೆ ಕಣಿವೆ. “ಎಡಕ್ಕೆ! ಬರೆಗೆ ಹೋಗು, ಚರಂಡಿಗೆ ಇಳಿಸು!” ಎಂದು ಕೂಗಿದೆ. ಅವಳು ಹೋಗಲಿಲ್ಲ. ಹ್ಯಾಂಡಲ್ ಎಡಕ್ಕೆ ತಿರುಗಿದ್ದು ಮತ್ತೆ ನೇರವಾಯಿತು.

ಯಾಕೆಂದು ಆಮೇಲೆ ಅವಳೇ ಹೇಳಿದಳು. ಬೆಳಿಗ್ಗೆ ಬ್ರೀಫಿಂಗ್‌ನಲ್ಲಿ ಬರೆ ಹತ್ತಿರ ಹೋಗಬೇಡಿ ಎಂದವನು ನಾನೇ. 2020ರ ಆಗಸ್ಟ್‌ನಲ್ಲಿ ಗಜಗಿರಿ ಬೆಟ್ಟ ಕುಸಿದು ತಲಕಾವೇರಿಯ ಅರ್ಚಕರ ಮನೆಯೇ ಮಣ್ಣಿನಡಿಗೆ ಹೋಯಿತು. ಅಂದಿನಿಂದ ಆ ರಸ್ತೆಯಲ್ಲಿ ಯಾರನ್ನೇ ಕರೆದೊಯ್ದರೂ ಬರೆಯ ಕೆಳಗೆ ನಿಲ್ಲಬೇಡಿ, ಅಂಚಿಗೆ ಹೋಗಬೇಡಿ ಎಂದು ಎರಡೆರಡು ಸಲ ಹೇಳುತ್ತೇನೆ. ಮಗು ನನ್ನ ಮಾತು ಕೇಳಿಸಿಕೊಂಡಿತ್ತು. ಬ್ರೇಕ್ ಹೋದರೆ ಎಲ್ಲಿಗೆ ಹೋಗಬೇಕು ಎಂದು ಮಾತ್ರ ನಾನು ಯಾರಿಗೂ ಯಾವತ್ತೂ ಹೇಳಿರಲಿಲ್ಲ.

ಪೆಡಲ್ ತುಳಿದು ಅವಳ ಬಲಕ್ಕೆ ಹೋದೆ. ರಸ್ತೆಯ ನಡುವೆ ನಾನಿದ್ದರೆ ಅವಳಿಗೆ ಉಳಿಯುವುದು ಎಡ ಒಂದೇ. ಮೈಗೆ ಮೈ ತಾಗುವಷ್ಟು ಹತ್ತಿರ ಬಂದು, ಕೂಗದೆ ಹೇಳಿದೆ: “ಹಿಂದಿನದು ಮಾತ್ರ ಹಿಡಿ. ಬೆನ್ನು ಹಿಂದಕ್ಕೆ. ನನ್ನ ಜೊತೆ ಎಡಕ್ಕೆ ಬಾ.” ಬಂದಳು. ಮುಂದಿನ ಚಕ್ರ ಚರಂಡಿಯ ಹೂಳಿಗೆ ಇಳಿದು ಹೂತಿತು, ಸೈಕಲ್ ನಿಂತಿತು, ಅವಳು ಹ್ಯಾಂಡಲ್ ಮೇಲಿಂದ ಜರೀಗಿಡದೊಳಕ್ಕೆ ಬಿದ್ದಳು. ಬಸ್ಸು ತಿರುವು ದಾಟಿ ಬಂದು ನಮ್ಮನ್ನು ನೋಡಿ ನಿಧಾನ ಮಾಡಿತು. ಕೂಗಿನಿಂದ ಬಸ್ಸಿನ ತನಕ ಎಲ್ಲ ಸೇರಿ ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

ಮೊಣಕೈ ತರಚಿತ್ತು, ಎಡಗೈ ಮಣಿಕಟ್ಟು ಊದಿಕೊಂಡಿತ್ತು. ಭಾಗಮಂಡಲದಲ್ಲಿ ಪಟ್ಟಿ ಹಾಕಿಸಿ, ಮಡಿಕೇರಿಗೆ ಬಂದು ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿರಲಿಲ್ಲ.

ಪಿಕಪ್ ಬರುವ ತನಕ ರಸ್ತೆ ಬದಿಯಲ್ಲೇ ಕೂತು ಕ್ಯಾಲಿಪರ್ ಬಿಚ್ಚಿದೆ. ಒಳಗಿನ ಪ್ಯಾಡಿನಲ್ಲಿ ಪ್ಯಾಡೇ ಇರಲಿಲ್ಲ, ಬರೀ ತಗಡು. ಅದರ ಮೇಲೆ ಗೀರುಗಳು, ಅಂಚು ನೀಲಿಗಟ್ಟಿತ್ತು. ನಡುವಿನ ಸ್ಪ್ರಿಂಗಿನ ಒಂದು ಕಾಲು ರೋಟರಿಗೆ ಉಜ್ಜಿ ಉಜ್ಜಿ ತುಂಡಾಗಿತ್ತು. ನನಗೆ ಕೇಳಿಸಿದ ಸದ್ದು ಅದು. ತೋಳು ಕ್ಯಾಲಿಪರಿಗೆ ತಾಗಿದ ಜಾಗದಲ್ಲಿ ಪೇಂಟ್ ಎದ್ದು ಅಕ್ಕಿಕಾಳಿನಷ್ಟು ಬೆಳ್ಳಿ ಬಣ್ಣದ ಗುರುತು.

ಅಪ್ಪ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ತಗಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಬೈಯಲಿಲ್ಲ.

“ಇದನ್ನ ನಿನ್ನೆ ಯಾರು ಚೆಕ್ ಮಾಡಿದ್ದು?”

“ನಾನೇ ಸಾರ್.”

ಅವರು ತಗಡನ್ನು ನನ್ನ ಅಂಗೈಗೆ ವಾಪಸ್ ಇಟ್ಟು ಎದ್ದು ಮಗಳ ಹತ್ತಿರ ಹೋದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಸಂಜೆ ಮ್ಯಾನೇಜರ್ ರಿಜಿಸ್ಟರ್ ಮುಂದಿಟ್ಟು, ಗೆಸ್ಟ್ ಬ್ಯಾಲೆನ್ಸ್ ತಪ್ಪಿ ಬಿದ್ದರು ಅಂತ ಬರೆ ಎಂದರು. ನಾನು ಬರೆಯಲಿಲ್ಲ. ಮುಂದಿನ ಬ್ರೇಕ್ ಒಳಪ್ಯಾಡ್ ಪೂರ್ತಿ ಸವೆದಿತ್ತು, ಹಿಂದಿನ ದಿನ ಪರೀಕ್ಷೆಯಲ್ಲಿ ನೋಡಿರಲಿಲ್ಲ ಎಂದು ಬರೆದು ಸಹಿ ಹಾಕಿದೆ. ಎರಡು ದಿನ ನನ್ನೊಂದಿಗೆ ಮಾತಿರಲಿಲ್ಲ.

ತಪ್ಪು ನನ್ನದು. ಆದರೆ ಆ ಬ್ರೇಕ್ ಅಲ್ಲಿದ್ದದ್ದರ ಬಗ್ಗೆಯೂ ಹೇಳಲೇಬೇಕು. ಸೈಕಲ್ಲುಗಳನ್ನು ಕೊಳ್ಳುವಾಗ ನನ್ನನ್ನು ಕೇಳಿದ್ದರು. ಮುಂದೆ ಸಸ್ಪೆನ್ಷನ್ ಇಲ್ಲದಿದ್ದರೂ ನಡೆಯುತ್ತದೆ, ಕೇಬಲ್ ಬದಲು ಎಣ್ಣೆಯ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್ ಬ್ರೇಕ್ ಇರಲಿ ಎಂದಿದ್ದೆ. ಬಂದದ್ದು ಭಾರದ ಕಾಯಿಲ್ ಸ್ಪ್ರಿಂಗಿನ ಸಸ್ಪೆನ್ಷನ್ ಫೋರ್ಕು, ಇಪ್ಪತ್ತೊಂದು ಗೇರು, ಕೇಬಲ್ ಡಿಸ್ಕು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ಆ ಫೋರ್ಕಿನೊಳಗೆ ಮೂರು ಮಳೆಗಾಲದ ನೀರು ಸೇರಿ ಈಗ ಅದು ಕೂರುವುದೂ ಇಲ್ಲ, ಏಳುವುದೂ ಇಲ್ಲ. ಕೆಸರಲ್ಲಿ ಹೆಚ್ಚು ಬಾಳುವ ಸಿಂಟರ್ಡ್ (ಲೋಹದ ಪುಡಿಯ) ಪ್ಯಾಡ್ ಹಾಕೋಣವೆಂದರೆ ರೋಟರ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಸಣ್ಣಕ್ಷರದಲ್ಲಿ ಕೊರೆದಿದೆ. ಮೆದು ಉಕ್ಕು, ಲೋಹದ ಪ್ಯಾಡ್ ಅದನ್ನು ಬೇಗ ತಿಂದುಹಾಕುತ್ತದೆ. ಬ್ರೇಕ್ ಲಿವರ್ ಮತ್ತು ಗೇರ್ ಬದಲಿಸುವ ಶಿಫ್ಟರ್ ಒಂದೇ ತುಂಡಾಗಿ ಬಂದಿರುವ ಮಾದರಿ ಬೇರೆ. ಬ್ರೇಕ್ ಬದಲಿಸಬೇಕೆಂದರೆ ಶಿಫ್ಟರೂ ಹೊಸದು ಬೇಕು. ಕೊಳ್ಳುವಾಗ ಉಳಿಸಿದ ದುಡ್ಡು ಹೀಗೆ ವಾಪಸ್ ಹೋಗುತ್ತದೆ.

ಈ ಘಟನೆಯ ನಂತರ ಆರು ಸೈಕಲ್ಲಿಗೆ ಹೈಡ್ರಾಲಿಕ್ ಮಂಜೂರಾಯಿತು. ಶಿಮಾನೊದ ಸಾದಾ ಸೆಟ್, ಮಿನರಲ್ ಆಯಿಲಿನದು. ಮುಂದಕ್ಕೆ 180 ಮಿಲಿಮೀಟರ್ ರೋಟರ್, ಹಿಂದಕ್ಕೆ 160. ಸಿಂಟರ್ಡ್ ಪ್ಯಾಡ್ ತಾಳುವ ರೋಟರನ್ನೇ ಆರಿಸಿ ತರಿಸಿದೆ. ಇದರಲ್ಲಿ ಎರಡು ಪಿಸ್ಟನ್ನೂ ಒಟ್ಟಿಗೆ ಬರುತ್ತವೆ, ಪ್ಯಾಡ್ ಸವೆದಷ್ಟೂ ತಾವಾಗಿ ಮುಂದೆ ಬಂದು ನಿಲ್ಲುತ್ತವೆ. ಆದರೆ ಇಲ್ಲೂ ಹಿಡಿ ಮೋಸ ಮಾಡುತ್ತದೆ. ಪ್ಯಾಡ್ ಅರ್ಧ ಮಿಲಿಮೀಟರಿಗೆ ಇಳಿದಿದ್ದರೂ ಹಿಡಿ ಹೊಸದರ ಹಾಗೇ ಇರಬಹುದು. ಹಾಗಾಗಿ ಈಗ ಪ್ರತಿ ರೈಡಿನ ಹಿಂದಿನ ದಿನ ಚಕ್ರ ಕಳಚಿ, ಪ್ಯಾಡ್ ಹೊರಗೆ ತೆಗೆದು, ವರ್ನಿಯರ್ ಸ್ಕೇಲಿನಲ್ಲಿ ಅಳೆದು ಎರಡೂ ಅಳತೆ ಬರೆಯುತ್ತೇವೆ. ಒಂದು ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಘಟ್ಟದ ರೈಡಿಗೆ ಹೋಗುವಂತಿಲ್ಲ. ಸಂಜೆ ನಾಲ್ಕಕ್ಕೇ ಶುರು ಮಾಡುತ್ತೇವೆ, ಬೆಳಕಿರುವಾಗ. ಹೊಸ ಪ್ಯಾಡ್ ಹಾಕಿದರೆ ಕಾಫಿ ಕಣದಿಂದ ಗೇಟಿನ ತನಕದ ಇಳಿಜಾರಿನಲ್ಲಿ ಇಪ್ಪತ್ತು ಸಲ ವೇಗದಿಂದ ನಡಿಗೆಯ ವೇಗಕ್ಕೆ ಇಳಿಸುತ್ತೇವೆ, ಚಕ್ರ ಲಾಕ್ ಆಗದ ಹಾಗೆ. ಹಾಗೆ ಕೂರಿಸದ ಪ್ಯಾಡ್ ಮೊದಲ ಇಳಿಜಾರಿನಲ್ಲಿ ಅರ್ಧವೂ ಹಿಡಿಯುವುದಿಲ್ಲ.

ಸ್ವಂತ ಸೈಕಲ್ ತರುವ ಗೆಸ್ಟ್‌ಗಳಿಗಾಗಿ ಬ್ರೇಕಿಗೆ ದ್ರವ ತುಂಬುವ ಇನ್ನೊಂದು ಸಿರಿಂಜ್ ಇಟ್ಟಿದ್ದೇನೆ, ಕೆಂಪು ಟೇಪ್ ಸುತ್ತಿ. ಅದು ಡಾಟ್ ಎಂಬ ಬೇರೆ ಜಾತಿಯ ಬ್ರೇಕ್ ದ್ರವಕ್ಕೆ ಮಾತ್ರ. ಮಿನರಲ್ ಆಯಿಲಿನ ಬ್ರೇಕಿಗೆ ಡಾಟ್ ಹೋದರೆ ಒಳಗಿನ ರಬ್ಬರ್ ಊದಿಕೊಂಡು ಬ್ರೇಕೇ ಹೋಗುತ್ತದೆ. ಹುಡುಗ ಅವೆರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದ ದಿನ ನಾನು ಸ್ವಲ್ಪ ಜೋರಾಗಿಯೇ ಹೇಳಿಬಿಟ್ಟೆ.

ಬ್ರೀಫಿಂಗ್ ಕೂಡ ಬದಲಾಗಿದೆ. ಮೇಲೆ ತಲುಪಿದ ಮೇಲೆ ಮೊದಲ ಇನ್ನೂರು ಮೀಟರ್ ಇಳಿದು ಎಲ್ಲರನ್ನೂ ನಿಲ್ಲಿಸಿ ಒಂದೊಂದು ರೋಟರಿನ ಹತ್ತಿರ ಕಿವಿ ಕೊಡುತ್ತೇನೆ. ಬ್ರೇಕ್ ಹೋದರೆ ಎಲ್ಲಿಗೆ ಹೋಗಬೇಕು ಎಂದು ಬೆರಳು ತೋರಿಸಿ ಹೇಳುತ್ತೇನೆ: ಚರಂಡಿ, ಹುಲ್ಲು, ಹೂಳು, ಕಣಿವೆಯಿಂದ ದೂರ.

ಉಳಿದ ಎರಡು ಸೈಕಲ್, ಮೂರು ಮತ್ತು ಏಳು, ಇನ್ನೂ ಕೇಬಲ್ಲಿನವೇ. ಮುಂದಿನ ವರ್ಷ ನೋಡೋಣ ಎಂದಿದ್ದಾರೆ. ಅವು ತೋಟದೊಳಗಿನ ಸಮತಟ್ಟು ದಾರಿಗೆ ಮಾತ್ರ. ಕಳೆದ ಶನಿವಾರ ಎಂಟು ಜನರ ಗುಂಪು ಬಂದಿತ್ತು, ನಮ್ಮಿಬ್ಬರ ಸ್ವಂತದ್ದು ಬಿಟ್ಟರೆ ಘಟ್ಟಕ್ಕೆ ಆರೇ ಸೈಕಲ್ ಎಂದೆ. ಎರಡಕ್ಕೆ ಹೊಸ ಪ್ಯಾಡ್ ಹಾಕಿ ಕಳಿಸು ಎಂದರು ಮ್ಯಾನೇಜರ್. ಆಗುವುದಿಲ್ಲ ಸಾರ್ ಎಂದೆ. ಆರು ಜನ ಸೈಕಲ್ಲಿನಲ್ಲಿ ಇಳಿದರು. ಇಬ್ಬರು ಪಿಕಪ್ಪಿನಲ್ಲಿ ಡ್ರೈವರ್ ಪಕ್ಕ ಕೂತು ಬಂದರು, ಹುಡುಗನೂ ನಾನೂ ನಮ್ಮ ಸ್ವಂತ ಸೈಕಲ್ಲಿನಲ್ಲಿ.