ಕೀಹೋಲ್ ಆಪರೇಷನ್‌ಗೂ ಥೈರಾಯ್ಡ್ ಇಳಿಯೋವರೆಗೆ ಕಾಯಬೇಕಾ?

ನಾನು ಅರಿವಳಿಕೆ ವೈದ್ಯ. ಆಪರೇಷನ್‌ಗೆ ಮುಂಚೆ ಫಿಟ್‌ನೆಸ್‌ಗೆಂದು ಬಂದವರಲ್ಲಿ ಥೈರಾಯ್ಡ್ ಜಾಸ್ತಿ ಇರುವವರಿಗೆ ‘ಕೆಲವು ವಾರ ಮಾತ್ರೆ ತಗೊಂಡು ಬನ್ನಿ’ ಅಂದ ತಕ್ಷಣ ಬರುವ ಪ್ರಶ್ನೆ ಇದು: “ಪಿತ್ತಕೋಶದ ಕಲ್ಲಿಗೆ ನಾಲ್ಕು ತೂತು ಹಾಕೋದು ತಾನೇ ಡಾಕ್ಟ್ರೇ? ಹೊಟ್ಟೆ ಕೊಯ್ಯಲ್ವಲ್ಲ, ಯಾಕೆ ಕಾಯ್ಬೇಕು?”

ಹೊರಗಿನ ಗಾಯ ಚಿಕ್ಕದು, ನಿಜ. ಆದರೆ ಒಳಗೆ ಕೆಲಸ ಮಾಡಲು ಜಾಗ ಬೇಕು. ಅದಕ್ಕಾಗಿ ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ, ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ. ಆ ಅನಿಲ ರಕ್ತಕ್ಕೂ ಸೇರುತ್ತದೆ. ಅಡ್ರಿನಲಿನ್ ಏರಿ ಎದೆಬಡಿತ, ಬಿಪಿ ಮೇಲಕ್ಕೆ ಹೋಗುತ್ತವೆ. ಥೈರಾಯ್ಡ್ ಜಾಸ್ತಿಯಾಗಿ ಸುಮ್ಮನೆ ಮಲಗಿದ್ದಾಗಲೇ ನಿಮಿಷಕ್ಕೆ 120 ಬಡಿಯುವ ಹೃದಯ ಇದನ್ನೂ ತಾಳಿಕೊಳ್ಳಬೇಕು. ತಾಳದಿದ್ದರೆ, ಅಪರೂಪಕ್ಕೆ, ಥೈರಾಯ್ಡ್ ಸ್ಟಾರ್ಮ್: ಜ್ವರ ಉಕ್ಕುತ್ತದೆ, ನಾಡಿ ಓಡುತ್ತದೆ, ಎಚ್ಚರ ಇದ್ದವರಾದರೆ ಬಡಬಡಿಸುತ್ತಾರೆ. ಚಿಕಿತ್ಸೆ ಕೊಟ್ಟರೂ ಸುಮಾರು ಹತ್ತರಲ್ಲಿ ಒಬ್ಬರು ಉಳಿಯುವುದಿಲ್ಲ. ಅರಿವಳಿಕೆಯಲ್ಲಿ ಬಡಬಡಿಕೆ ಕಾಣಿಸುವುದಿಲ್ಲ, ನಾಡಿ ಏರಿದರೆ ಅನಿಲದಿಂದ ಇರಬಹುದು ಅನ್ನಿಸುತ್ತದೆ. ನನಗೆ ಭಯ ಇರುವುದು ಅಲ್ಲೇ.

ಹಾಗಾಗಿ ರಿಪೋರ್ಟ್‌ಗಿಂತ ಮೊದಲು ಕೈ ಹಿಡಿಯುತ್ತೇನೆ. ಅಂಗೈ ಬೆಚ್ಚಗೆ ಒದ್ದೆಯಾಗಿದೆಯಾ, ಚಾಚಿದ ಬೆರಳುಗಳ ಮೇಲಿಟ್ಟ ಹಾಳೆ ನಡುಗುತ್ತದಾ, ನಾಡಿ 90ರ ಒಳಗೆ ಬಂದಿದೆಯಾ. ತಾಳ ತಪ್ಪಿದ್ದರೆ ಇಸಿಜಿ, ಎಕೋ ಆಗಲೇಬೇಕು. ಕತ್ತು ಊದಿದ್ದರೆ ಎರಡೂ ತೋಳು ಕಿವಿಗೆ ತಾಗುವಂತೆ ಮೇಲೆತ್ತಿಸಿ ಒಂದು ನಿಮಿಷ ನಿಲ್ಲಿಸುತ್ತೇನೆ. ಪಿಟಿ ಮೇಷ್ಟ್ರ ಶಿಕ್ಷೆ ಅಂತ ನಗುತ್ತಾರೆ. ಮುಖ ಕೆಂಪಾಗಿ ಉಸಿರು ಕಟ್ಟಿದರೆ ಗಂಟು ಎದೆಯೊಳಕ್ಕೂ ಇಳಿದಿರಬಹುದು. ಸಿಟಿ ಸ್ಕ್ಯಾನ್ ನೋಡದೆ ಉಸಿರಿನ ನಳಿಕೆ ಹಾಕುವ ಧೈರ್ಯ ನನಗಿಲ್ಲ.

ರಿಪೋರ್ಟ್‌ನಲ್ಲಿ ಎಲ್ಲರ ಕಣ್ಣು ಟಿಎಸ್ಎಚ್ ಮೇಲೆ. ಥೈರಾಯ್ಡ್‌ಗೆ ‘ಕೆಲಸ ಮಾಡು’ ಅನ್ನುವ ಹಾರ್ಮೋನ್ ಅದು, ಥೈರಾಯ್ಡ್ ಜಾಸ್ತಿಯಾದರೆ ಇಳಿಯುತ್ತದೆ. “ಇನ್ನೂ 0.01 ಇದೆ, ಮಾತ್ರೆ ಹತ್ತಲಿಲ್ಲ” ಅನ್ನುತ್ತಾರೆ. ಹಾರ್ಮೋನ್ ಸರಿಹೋದ ಮೇಲೂ ಟಿಎಸ್ಎಚ್ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಕೆಳಗೇ ಇರುತ್ತದೆ. ನಾನು ನೋಡುವುದು ಫ್ರೀ ಟಿ4, ಟಿ3, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್‌ಗಳನ್ನೇ. ಅಂದಹಾಗೆ, ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ದಯವಿಟ್ಟು ಹೇಳಿ. ಕೆಲವು ಲ್ಯಾಬ್ ವಿಧಾನಗಳಲ್ಲಿ ಅದು ಇಲ್ಲದ ಥೈರಾಯ್ಡ್ ಕಾಯಿಲೆಯನ್ನು ಇದೆ ಎಂದು ತೋರಿಸುತ್ತದೆ.

ವಾರಗಳು ಯಾಕೆ ಬೇಕು? ಥೈರಾಯ್ಡ್ ಇಳಿಸಲು ಕೊಡುವ ಕಾರ್ಬಿಮಜೋಲ್ ಮಾತ್ರೆ ಹೊಸ ಹಾರ್ಮೋನ್ ತಯಾರಾಗುವುದನ್ನು ತಡೆಯುತ್ತದೆ, ಗ್ರಂಥಿಯಲ್ಲಿ ಆಗಲೇ ಇರುವ ದಾಸ್ತಾನನ್ನು ಮುಟ್ಟುವುದಿಲ್ಲ. ಅದು ಖಾಲಿಯಾಗಲು ಸಾಮಾನ್ಯವಾಗಿ 4ರಿಂದ 8 ವಾರ. ಈ ಮಧ್ಯೆ ಜ್ವರದ ಜೊತೆ ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಬಿಳಿ ರಕ್ತಕಣ ಎಣಿಸಬೇಕು. ಅಪರೂಪಕ್ಕೆ ಅವು ತೀರಾ ಕುಸಿಯುತ್ತವೆ. ಪ್ರೊಪ್ರನಲಾಲ್ ನಾಡಿಯನ್ನು ಬೇಗ ಇಳಿಸುತ್ತದೆ, ಆಸ್ತಮಾ ಇದ್ದವರಿಗೆ ಮಾತ್ರ ಬೇಡ. ಆಪರೇಷನ್ ದಿನ ‘ಖಾಲಿ ಹೊಟ್ಟೆ ಅಂದ್ರಲ್ಲ’ ಅಂತ ಈ ಮಾತ್ರೆಗಳನ್ನೂ ಬಿಟ್ಟು ಬರುವವರಿದ್ದಾರೆ. ನಿಮ್ಮ ಡಾಕ್ಟರು ಬೇಡ ಅನ್ನದಿದ್ದರೆ ಒಂದು ಗುಟುಕು ನೀರಲ್ಲಿ ನುಂಗಿಯೇ ಬನ್ನಿ.

ಪಿತ್ತಕೋಶ ಕೀವು ಕಟ್ಟಿದ್ದರೆ, ಅಪೆಂಡಿಕ್ಸ್ ಒಡೆಯುವಂತಿದ್ದರೆ ಕಾಯಿಸುವುದಿಲ್ಲ. ನಾಡಿ ಇಳಿಸುವ ಇಂಜೆಕ್ಷನ್, ಸ್ಟೆರಾಯ್ಡ್, ಥೈರಾಯ್ಡ್ ತಡೆಯುವ ಮಾತ್ರೆ, ಅದು ಕೊಟ್ಟು ಒಂದು ಗಂಟೆಯಾದರೂ ಕಳೆದ ಮೇಲೆ ಅಯೋಡಿನ್ ಕೊಟ್ಟು, ಐಸಿಯುನಲ್ಲಿ ಹಾಸಿಗೆ ಕಾದಿರಿಸಿಯೇ ಥಿಯೇಟರ್‌ಗೆ ಕರೆದೊಯ್ಯುತ್ತೇವೆ.